ಕಾಬೂಲಿಗೆ ಹೋಗಿಬಂದ ಮಾತ್ರಕ್ಕೆ ಅಮೀರನ ತಪ್ಪು ತೀರಿತಾ?

ಪ್ರಶ್ನೆ: ಇತ್ತೀಚೆಗೆ ಖಾಲಿದ್ ಹೊಸೇನಿಯವರ ‘ದಿ ಕೈಟ್ ರನ್ನರ್’ ಓದಿ ಮುಗಿಸಿದೆ. ಎಲ್ಲರೂ ಇದನ್ನು ಪ್ರಾಯಶ್ಚಿತ್ತದ ಕಥೆ ಅನ್ನುತ್ತಾರೆ. ನನಗೆ ಮಾತ್ರ ಅಮೀರನ ಮೇಲಿನ ಸಿಟ್ಟು ಕೊನೆಯ ಪುಟದವರೆಗೂ ಇಳಿಯಲಿಲ್ಲ. ಹಸನ್ ಸತ್ತೇ ಹೋಗಿದ್ದಾನೆ. ಆಮೇಲೆ ಕಾಬೂಲಿಗೆ ಹೋಗಿ, ಏಟು ತಿಂದು, ಅವನ ಮಗನನ್ನು ಕರೆತಂದರೆ ಹಳೆಯ ದ್ರೋಹ ಅಳಿಸಿಹೋಗುತ್ತಾ? ಅಥವಾ ಅಫ್ಘಾನಿಸ್ತಾನದ ಇತಿಹಾಸ ಗೊತ್ತಿಲ್ಲದ್ದರಿಂದ ನಾನೇ ಏನೋ ತಪ್ಪಾಗಿ ಓದಿದೆನಾ?

ಉತ್ತರ: ಮೊದಲೇ ಹೇಳಿಬಿಡುತ್ತೇನೆ, ನೀವು ತಪ್ಪಾಗಿ ಓದಿಲ್ಲ. ಈ ಕಾದಂಬರಿಯನ್ನು ಎಷ್ಟೋ ವರ್ಷಗಳಿಂದ ವಿದ್ಯಾರ್ಥಿಗಳ ಜೊತೆ ಕೂತು ಓದುತ್ತಾ ಬಂದಿದ್ದೇನೆ. ಪ್ರತಿ ಸಲವೂ ಒಬ್ಬರಾದರೂ ಇದೇ ಪ್ರಶ್ನೆ ಕೇಳುತ್ತಾರೆ. ಅದೂ ಹಿಂಜರಿಯುತ್ತಾ, ತಮ್ಮದೇ ಮನಸ್ಸು ಕಲ್ಲೇನೋ ಅನ್ನುವ ಹಾಗೆ. ಅವರಿಗೆ ಹೇಳುವುದನ್ನೇ ನಿಮಗೂ ಹೇಳುತ್ತೇನೆ. ಕಾಬೂಲಿನಲ್ಲಿ ಏಟು ತಿಂದದ್ದರಿಂದ ಅಮೀರನ ತಪ್ಪು ತೀರಲಿಲ್ಲ. ಹಾಗಂತ ಕಾದಂಬರಿಯೇ ಹೇಳುತ್ತದೆ. ತೀರುವುದಕ್ಕೆ ಶುರುವಾದದ್ದು ಆಮೇಲೆ, ಬೇರೆ ಜಾಗದಲ್ಲಿ, ತುಂಬಾ ನಿಧಾನವಾಗಿ.

ಓದದವರಿಗಾಗಿ ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡುತ್ತೇನೆ. ಕಾಬೂಲಿನ ವಜೀರ್ ಅಕ್ಬರ್ ಖಾನ್ ಬಡಾವಣೆಯ ದೊಡ್ಡ ಮನೆಯ ಹುಡುಗ ಅಮೀರ್. ಅದೇ ಕಾಂಪೌಂಡಿನ ಮಣ್ಣಿನ ಗುಡಿಸಿಲಿನಲ್ಲಿ ಆಳು ಅಲಿ ಮತ್ತು ಅವನ ಮಗ ಹಸನ್ ಇರುತ್ತಾರೆ. ಹುಡುಗರಿಬ್ಬರೂ ಒಬ್ಬಳೇ ದಾಯಿಯ ಹಾಲು ಕುಡಿದು ಬೆಳೆದವರು. 1975ರ ಚಳಿಗಾಲದ ಗಾಳಿಪಟ ಸ್ಪರ್ಧೆಯಲ್ಲಿ ಅಮೀರ್ ಗೆಲ್ಲುತ್ತಾನೆ. ಕೊನೆಯಲ್ಲಿ ಕಡಿದು ಬಿದ್ದ ನೀಲಿ ಪಟವನ್ನು ತರಲು ಹಸನ್ ಓಡುತ್ತಾನೆ. ಒಂದು ಓಣಿಯಲ್ಲಿ ಆಸೆಫ್ ಎಂಬ ಹುಡುಗ ಹಸನ್ ಮೇಲೆ ಅತ್ಯಾಚಾರ ಮಾಡುತ್ತಾನೆ. ಅಮೀರ್ ಮರೆಯಲ್ಲಿ ನಿಂತು ನೋಡುತ್ತಾನೆ, ಓಡಿಹೋಗುತ್ತಾನೆ. ಆಮೇಲೆ ಹಸನ್ ಮುಖ ನೋಡಲಾಗದೆ, ಕಳ್ಳತನದ ಸುಳ್ಳು ಆರೋಪ ಹೊರಿಸಿ ಅಪ್ಪ ಮಗ ಇಬ್ಬರೂ ಮನೆ ಬಿಡುವ ಹಾಗೆ ಮಾಡುತ್ತಾನೆ. ರಷ್ಯನ್ನರು ಬಂದ ಮೇಲೆ ಅಮೀರ್ ಮತ್ತು ಅವನ ಅಪ್ಪ ಬಾಬಾ ಅಮೆರಿಕಕ್ಕೆ ಹೋಗುತ್ತಾರೆ. 2001ರಲ್ಲಿ ಪೇಶಾವರದಿಂದ ಒಂದು ಫೋನ್ ಬರುತ್ತದೆ. ಬಾಬಾರ ಹಳೆಯ ಗೆಳೆಯ ರಹೀಮ್ ಖಾನ್ ಕರೆಯುತ್ತಾರೆ. ಹೋದರೆ ತಿಳಿಯುತ್ತದೆ: ಹಸನ್‌ನನ್ನು ತಾಲಿಬಾನ್ ಕೊಂದಿದೆ, ಅವನ ಮಗ ಸೊಹ್ರಾಬ್ ಅನಾಥನಾಗಿದ್ದಾನೆ. ಇನ್ನೊಂದು ವಿಷಯವೂ ಹೊರಬೀಳುತ್ತದೆ. ಹಸನ್ ನಿಜಕ್ಕೂ ಬಾಬಾರ ಮಗ, ಅಂದರೆ ತಾಯಿ ಬೇರೆಯಾದರೂ ಅಮೀರನ ತಮ್ಮ.

ಇತಿಹಾಸದ ಬಗ್ಗೆ ಕೇಳಿದ್ದೀರಿ. ರಾಜಕೀಯದ ತಾರೀಖುಗಳು ಅಷ್ಟೇನೂ ಬೇಕಾಗುವುದಿಲ್ಲ. 1973ರಲ್ಲಿ ದಾವೂದ್ ಖಾನ್ ದೊರೆ ಜಾಹಿರ್ ಶಾನನ್ನು ಇಳಿಸಿದ್ದು, 1978ರ ಏಪ್ರಿಲ್‌ನಲ್ಲಿ ಕಮ್ಯುನಿಸ್ಟರು ಬಂದದ್ದು, 1979ರ ಡಿಸೆಂಬರ್‌ನಲ್ಲಿ ಸೋವಿಯತ್ ಸೇನೆ ನುಗ್ಗಿದ್ದು, 1996ರಲ್ಲಿ ಕಾಬೂಲ್ ತಾಲಿಬಾನ್ ಕೈಗೆ ಹೋದದ್ದು, ಇಷ್ಟು ನೆನಪಿದ್ದರೆ ಸಾಕು. ಗೊತ್ತಿರಲೇಬೇಕಾದ್ದು ಒಂದೇ. ಅದು ಹಜಾರಾ ಅನ್ನುವ ಪದದ ಭಾರ.

ಅಮೀರ್ ಪಶ್ತೂನ್, ಅಂದರೆ ದೇಶದ ದೊಡ್ಡ ಜನಾಂಗದವನು, ಸುನ್ನಿ. ಹಸನ್ ಹಜಾರಾ, ಶಿಯಾ. ಹಜಾರಾಗಳು ನಡು ಅಫ್ಘಾನಿಸ್ತಾನದ ಬೆಟ್ಟಸೀಮೆಯವರು. ಬಾಮಿಯಾನ್ ಅವರ ನೆಲ. 1880ರಿಂದ 1901ರವರೆಗೆ ಆಳಿದ ಅಬ್ದುರ್ ರಹಮಾನ್ ಖಾನ್ ಅವರ ಬಂಡಾಯವನ್ನು ತುಳಿದುಹಾಕಿದ. ಎಷ್ಟೋ ಜನ ಸತ್ತರು, ಎಷ್ಟೋ ಜನ ಗುಲಾಮರಾಗಿ ಮಾರಾಟವಾದರು, ಭೂಮಿ ಕಳೆದುಕೊಂಡರು. ಆಮೇಲೆ ತಲೆಮಾರುಗಳ ಕಾಲ ಕಾಬೂಲಿನಲ್ಲಿ ಹಜಾರಾ ಅಂದರೆ ಮನೆಗೆಲಸದವನು, ಹೊರೆ ಹೊರುವವನು ಅಂತಲೇ ಆಗಿಹೋಯಿತು. ಇನ್ನೊಂದು ತುದಿಯಲ್ಲಿ 1998ರ ಆಗಸ್ಟ್ ಇದೆ. ಉತ್ತರದ ಮಜಾರ್-ಎ-ಶರೀಫ್ ನಗರ ಹಿಡಿದ ತಾಲಿಬಾನ್ ಮನೆಮನೆಗೆ ನುಗ್ಗಿ ಹಜಾರಾಗಳನ್ನು ಹುಡುಕಿ ಕೊಂದಿತು. ಅಮೀರನ ಬಾಲ್ಯ ಈ ಎರಡರ ನಡುವೆ ಬರುತ್ತದೆ. ಅವನ ಶಾಲೆಯ ಪುಸ್ತಕಗಳಲ್ಲಿ ಹಜಾರಾಗಳ ಮಾತು ಬಂದರೂ ಹಾಗೇ ತೇಲಿಸಿದ ಹಾಗೆ ಅಷ್ಟೆ. ಅದನ್ನು ಅವನು ಓದುವುದು ಸತ್ತುಹೋದ ಅಮ್ಮನ ಹಳೆಯ ಪುಸ್ತಕವೊಂದರಲ್ಲಿ. ಓಣಿಯಲ್ಲಿ ಅಡಗಿ ನಿಂತಾಗ ಅವನ ಮನಸ್ಸಿನಲ್ಲಿ ಸುಳಿಯುವ ಸಮಾಧಾನವೂ ಇದೇ: ಎಷ್ಟಾದರೂ ಅವನು ಹಜಾರಾ ತಾನೇ. ನಿಮ್ಮ ಸಿಟ್ಟಿನ ಬೇರು ಇಲ್ಲಿರಬೇಕು ಅನ್ನಿಸುತ್ತದೆ. ಹನ್ನೆರಡು ವರ್ಷದ ಹುಡುಗನ ಹೆದರಿಕೆಯನ್ನು ನಾವು ಕ್ಷಮಿಸಬಹುದು. ಆ ಯೋಚನೆಯನ್ನು ಕ್ಷಮಿಸುವುದು ಕಷ್ಟ.

ಈಗ ಬಾಲ್ಯದ ಭಾಗಕ್ಕೆ ಬರೋಣ. ಕಾದಂಬರಿಯ ಜೀವ ಇರುವುದು ಅಲ್ಲೇ. ಓಣಿಯ ಪ್ರಸಂಗವನ್ನೇ ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ. ಅದಕ್ಕಿಂತ ಮುಂಚೆ ಬರುವ ಒಂದು ಚಿಕ್ಕ ಪ್ರಸಂಗವನ್ನು ನಾನು ಪ್ರತಿ ಸಲ ಎರಡೆರಡು ಬಾರಿ ಓದಿಸುತ್ತೇನೆ.

ಅಮೀರ್ ತನ್ನ ಮೊದಲ ಕಥೆ ಬರೆದಿದ್ದಾನೆ. ಒಬ್ಬನಿಗೆ ಮಾಯಾ ಬಟ್ಟಲು ಸಿಗುತ್ತದೆ. ಅದರೊಳಗೆ ಕಣ್ಣೀರು ಬಿದ್ದರೆ ಮುತ್ತಾಗುತ್ತದೆ. ಅವನು ಅಳುವುದಕ್ಕೆ ಕಾರಣ ಹುಡುಕುತ್ತಾ ಹೋಗಿ, ಕೊನೆಗೆ ಮುತ್ತಿನ ರಾಶಿಯ ಮೇಲೆ, ಕೈಯಲ್ಲಿ ಚಾಕು, ತೋಳಲ್ಲಿ ಹೆಂಡತಿಯ ಹೆಣ ಇಟ್ಟುಕೊಂಡು ಕೂತಿರುತ್ತಾನೆ. ಹಸನ್‌ಗೆ ಓದು ಬರಹ ಬರುವುದಿಲ್ಲ. ಕಥೆ ಕೇಳಿ ತುಂಬಾ ಮೆಚ್ಚುತ್ತಾನೆ. ಆಮೇಲೆ ಮೆಲ್ಲಗೆ ಕೇಳುತ್ತಾನೆ: ಹೆಂಡತಿಯನ್ನು ಯಾಕೆ ಕೊಲ್ಲಬೇಕಿತ್ತು? ಕಣ್ಣೀರಿಗೆ ಈರುಳ್ಳಿ ಸಾಕಿರಲಿಲ್ವಾ?

ಅಮೀರ್ ದಂಗಾಗುತ್ತಾನೆ. ತಾನು ಬರೆದ ಕಥೆಯ ತೂತು ಅಕ್ಷರ ಬಾರದ ಹುಡುಗನ ಕಣ್ಣಿಗೆ ಬಿತ್ತಲ್ಲಾ ಅಂತ ಒಳಗೊಳಗೇ ಉರಿಯುತ್ತಾನೆ. ಹಜಾರಾ ಹುಡುಗನಿಗೆ ಏನು ಗೊತ್ತು ಅನ್ನುವ ಮಾತು ಆಗಲೇ ಮನಸ್ಸಿನಲ್ಲಿ ಮೂಡುತ್ತದೆ. ಅವನು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಇಲ್ಲಿಂದಲೇ ನನ್ನ ಓದು ಶುರುವಾಗುತ್ತದೆ. ಅಮೀರ್ ಒಳಗೊಂದು ಇಟ್ಟುಕೊಂಡು ಸುಮ್ನೆ ಇರುವುದನ್ನು ಕಲಿತದ್ದು ಓಣಿಗೂ ಮೊದಲೇ. ಓಣಿಯಲ್ಲಿ ಓಡಿದ್ದು ಕೆಲವು ನಿಮಿಷದ ಮಾತು. ಬಾಯಿ ಮುಚ್ಚಿಕೊಂಡಿದ್ದು ಮಾತ್ರ 26 ವರ್ಷ.

ಈ ದೃಷ್ಟಿಯಿಂದ ನೋಡಿದರೆ ಇಡೀ ಕಾದಂಬರಿ ಬಾಯಿಬಿಡದವರ ಮನೆಯ ಕಥೆ. ಬಾಬಾ ಮಗನಿಗೆ ಹೇಳಿಕೊಟ್ಟ ಪಾಠ ನೆನಪಿದೆಯಲ್ಲ? ಲೋಕದಲ್ಲಿರುವ ಪಾಪ ಒಂದೇ, ಕಳ್ಳತನ. ಸುಳ್ಳು ಹೇಳುವವನು ಇನ್ನೊಬ್ಬನ ಪಾಲಿನ ಸತ್ಯವನ್ನು ಕದಿಯುತ್ತಾನೆ. ಹಾಗೆ ಹೇಳಿದ ಬಾಬಾರೇ ಹಸನ್‌ಗೆ ಅವನ ಅಪ್ಪ ಯಾರು ಅನ್ನುವುದನ್ನು ಹೇಳದೆ ಸತ್ತರು. ಸೀಳು ತುಟಿಗೆ ಶಸ್ತ್ರಚಿಕಿತ್ಸೆ ಮಾಡಿಸಿದರು, ಹುಟ್ಟುಹಬ್ಬ ಒಂದನ್ನೂ ಮರೆಯಲಿಲ್ಲ, ಆದರೆ ಮಗನೇ ಅಂತ ಕರೆಯಲಿಲ್ಲ. ಹುಡುಗರಿಬ್ಬರೂ ದಾಳಿಂಬೆ ಮರದ ಕೆಳಗೆ ಕೂತು ಓದುತ್ತಿದ್ದದ್ದು ಪರ್ಷಿಯನ್ ಕವಿ ಫಿರ್ದೌಸಿಯ ಮಹಾಕಾವ್ಯ ‘ಶಾಹ್‌ನಾಮಾ’. ಹಸನ್‌ಗೆ ಅದರಲ್ಲಿ ಪ್ರಾಣವಾಗಿದ್ದದ್ದು ರುಸ್ತುಂ ಮತ್ತು ಸೊಹ್ರಾಬರ ಕಥೆ. ಅಪ್ಪನಿಗೆ ಎದುರಾಳಿ ತನ್ನ ಮಗ ಅಂತ ಗೊತ್ತಿಲ್ಲ, ಯುದ್ಧದಲ್ಲಿ ಕೊಂದುಬಿಡುತ್ತಾನೆ. ಹಸನ್ ತನ್ನ ಮಗನಿಗೆ ಆ ಹೆಸರನ್ನೇ ಇಟ್ಟ. ತಾನೇ ಅಪ್ಪ ಗುರುತಿಸದ ಮಗ ಅನ್ನುವುದು ಅವನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಇದನ್ನು ಮೊದಲ ಸಲ ಗಮನಿಸಿದ ದಿನ ನಾನು ಪುಸ್ತಕ ಮುಚ್ಚಿಟ್ಟು ತುಂಬಾ ಹೊತ್ತು ಕೂತಿದ್ದೆ.

ಅಮೆರಿಕದ ಭಾಗವನ್ನು ಜಾಸ್ತಿ ಜನ ಬೇಗಬೇಗ ದಾಟಿಬಿಡುತ್ತಾರೆ. ಅಲ್ಲಿ ಸ್ವಲ್ಪ ನಿಲ್ಲಿ. ನಾಡು ಬಿಟ್ಟು ಬಂದದ್ದು ಅಪ್ಪನಿಗೆ ಒಂದು ಥರ, ಮಗನಿಗೆ ಇನ್ನೊಂದು ಥರ. ಕಾಬೂಲಿನಲ್ಲಿ ಅನಾಥಾಲಯ ಕಟ್ಟಿಸಿದ್ದ ಬಾಬಾ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಪೆಟ್ರೋಲ್ ಬಂಕಿನಲ್ಲಿ ದುಡಿಯುತ್ತಾರೆ. ಭಾನುವಾರ ಸ್ಯಾನ್ ಹೋಸೆಯ ಹಳೆ ಸಾಮಾನಿನ ಸಂತೆಯಲ್ಲಿ ಅಂಗಡಿ ಹಾಕುತ್ತಾರೆ. ಅವರಿಗೆ ಈ ದೇಶ ಕಳೆದುಕೊಂಡದ್ದನ್ನು ದಿನಾ ನೆನಪಿಸುವ ಜಾಗ. ಅಮೀರನಿಗೆ ಅದೇ ದೇಶ ಮರೆಯುವುದಕ್ಕೆ ಸಿಕ್ಕ ಜಾಗ. ಅಲ್ಲಿ ಹಸನ್ ಯಾರು ಅಂತ ಕೇಳುವವರಿಲ್ಲ. ತಪ್ಪು ಮಾಡಿದವನಿಗೆ ದೂರದ ಊರು ಎಷ್ಟು ಹಾಯಾಗಿರುತ್ತದೆ ಅನ್ನುವುದನ್ನು ಹೊಸೇನಿ ಇಲ್ಲಿ ತುಂಬಾ ಪ್ರಾಮಾಣಿಕವಾಗಿ ಬರೆದಿದ್ದಾರೆ.

ಇದರ ನಡುವೆಯೇ, ಅಮೀರ್ ಮುಂದೆ ಮದುವೆಯಾಗುವ ಸುರಯ್ಯಾ ಬರುತ್ತಾಳೆ. ಮದುವೆಗೆ ಮುಂಚೆ ತಾನು ಒಬ್ಬನ ಜೊತೆ ಓಡಿಹೋಗಿದ್ದನ್ನು ಅವಳೇ ಅಮೀರನಿಗೆ ಹೇಳುತ್ತಾಳೆ. ಆ ಸಮಾಜದಲ್ಲಿ ಒಬ್ಬ ಹೆಣ್ಣಿಗೆ ಅದು ಸಣ್ಣ ಮಾತಲ್ಲ. ಆಗ ಅಮೀರನಿಗೆ ಅವಳ ಮೇಲೆ ಹೊಟ್ಟೆಕಿಚ್ಚಾಗುತ್ತದೆ. ಅವಳ ಗುಟ್ಟು ಹೊರಬಂತು, ಅವಳು ಹಗುರಾದಳು. ಅವನಿಗೂ ಬಾಯಿ ತುದಿಯವರೆಗೆ ಬರುತ್ತದೆ. ನುಂಗಿಕೊಳ್ಳುತ್ತಾನೆ. ಸುಮಾರು 15 ವರ್ಷ ಸಂಸಾರ ಮಾಡಿಯೂ ಹೆಂಡತಿಗೆ ಹೇಳುವುದಿಲ್ಲ.

ಲೇಖಕರ ಬದುಕಿನ ಒಂದೆರಡು ಸಂಗತಿ ಇಲ್ಲಿ ಹೇಳಲೇಬೇಕು. ಹೊಸೇನಿ ಹುಟ್ಟಿದ್ದು 1965ರಲ್ಲಿ, ಕಾಬೂಲಿನಲ್ಲಿ. ಅಪ್ಪ ವಿದೇಶಾಂಗ ಇಲಾಖೆಯಲ್ಲಿದ್ದರು. 1976ರಲ್ಲಿ ಪ್ಯಾರಿಸ್‌ಗೆ ವರ್ಗವಾಯಿತು. ವಾಪಸ್ ಹೋಗುವ ಹೊತ್ತಿಗೆ ದೇಶವೇ ಬದಲಾಗಿತ್ತು. 1980ರಲ್ಲಿ ಅಮೆರಿಕದಲ್ಲಿ ಆಶ್ರಯ ಪಡೆದರು. ಹೊಸೇನಿ ವೈದ್ಯರಾದರು. 1999ರಲ್ಲಿ ತಾಲಿಬಾನ್ ಗಾಳಿಪಟ ಹಾರಿಸುವುದನ್ನು ನಿಷೇಧಿಸಿದ ಸುದ್ದಿಯನ್ನು ಟಿವಿಯಲ್ಲಿ ನೋಡಿ ಒಂದು ಸಣ್ಣಕಥೆ ಬರೆದರು. ಅದೇ ಮುಂದೆ ಕಾದಂಬರಿಯಾಗಿ 2003ರಲ್ಲಿ ಹೊರಬಂತು. ಅದೇ ವರ್ಷ ಮಾರ್ಚ್‌ನಲ್ಲಿ, ಪುಸ್ತಕ ಇನ್ನೂ ಓದುಗರ ಕೈ ಸೇರುವ ಮೊದಲು, 27 ವರ್ಷಗಳ ನಂತರ ಅವರು ಮೊದಲ ಸಲ ಕಾಬೂಲಿಗೆ ಹೋದರು. ಅಂದರೆ ಅಮೀರ್ ಊರಿಗೆ ಮರಳುವ ಪುಟಗಳನ್ನು ಬರೆದಾಗ ಅವರೇ ಇನ್ನೂ ಮರಳಿರಲಿಲ್ಲ. ಆ ಪುಟಗಳಲ್ಲಿ ಊರಿನ ಹಂಬಲದ ಜೊತೆಗೆ ಒಂದು ನಾಚಿಕೆಯೂ ಇರುವುದು ಅದಕ್ಕೇ ಇರಬೇಕು. ತಾನು ಸುರಕ್ಷಿತವಾಗಿ ಉಳಿದೆನಲ್ಲಾ ಅನ್ನುವ ನಾಚಿಕೆ.

ಮರಳುವ ದಾರಿಯಲ್ಲಿ ಡ್ರೈವರ್ ಫರೀದ್ ಅಮೀರನ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಾನೆ: ನೀನು ಇಲ್ಲಿದ್ದಾಗಲೂ ಪ್ರವಾಸಿಯೇ, ನಿನಗೆ ಗೊತ್ತಿರಲಿಲ್ಲ ಅಷ್ಟೆ. ಅಂದು ರಾತ್ರಿ ಫರೀದನ ಸೋದರ ವಹೀದನ ಮನೆಯಲ್ಲಿ ಉಳಿಯುತ್ತಾರೆ. ಅಮೀರ್ ಊಟ ಮಾಡುವಾಗ ಮನೆಯ ಮೂವರು ಹುಡುಗರು ಅವನ ಕೈಗಡಿಯಾರವನ್ನೇ ದಿಟ್ಟಿಸುತ್ತಿದ್ದ ಹಾಗೆ ಕಾಣುತ್ತದೆ. ಊಟ ಮುಗಿಸಿ ಗಡಿಯಾರ ಬಿಚ್ಚಿ ಅವರಿಗೆ ಕೊಡುತ್ತಾನೆ. ಸ್ವಲ್ಪ ಹೊತ್ತಿಗೆ ಅದು ಅವರಿಗೆ ಬೇಜಾರಾಗಿ ಚಾಪೆಯ ಮೇಲೆ ಬಿದ್ದಿರುತ್ತದೆ. ಆಮೇಲೆ ಗಂಡಹೆಂಡತಿ ಮಾತಾಡುವುದು ಕಿವಿಗೆ ಬೀಳುತ್ತದೆ. ಆ ರಾತ್ರಿ ಮಕ್ಕಳಿಗೆ ಊಟ ಇರಲಿಲ್ಲ. ಹುಡುಗರು ನೋಡುತ್ತಿದ್ದದ್ದು ಗಡಿಯಾರವನ್ನಲ್ಲ, ಅವನ ತಟ್ಟೆಯನ್ನು.

ಬೆಳಿಗ್ಗೆ ಹೊರಡುವ ಮುಂಚೆ ಅವನು ಯಾರಿಗೂ ಕಾಣದ ಹಾಗೆ ಒಂದು ಹಿಡಿ ಮುದುಡಿದ ನೋಟು ಹಾಸಿಗೆಯ ಕೆಳಗೆ ಇಡುತ್ತಾನೆ. ಬಾಲ್ಯದಲ್ಲಿ ಹಸನ್‌ನನ್ನು ಕಳ್ಳ ಅನ್ನಿಸಲು ಅವನ ಹಾಸಿಗೆಯ ಕೆಳಗೆ ಇಟ್ಟದ್ದೂ ಇದನ್ನೇ, ಗಡಿಯಾರ ಮತ್ತು ದುಡ್ಡು. ಅದೇ ಕೈ, ಅದೇ ಕೆಲಸ, ಈ ಸಲ ಒಳ್ಳೆಯದಕ್ಕೆ. ತುಂಬಾ ಚಂದದ ಜೋಡಣೆ, ನಿಜ. ನನಗೆ ಇನ್ನೊಂದು ಕಾಣುತ್ತದೆ. ಈ ಒಳ್ಳೆಯ ಕೆಲಸವನ್ನೂ ಅವನು ಕದ್ದುಮುಚ್ಚಿಯೇ ಮಾಡುತ್ತಾನೆ. ಬಾಯಿ ಇನ್ನೂ ತೆರೆದಿಲ್ಲ.

ಈಗ ನಿಮ್ಮ ನೇರ ಪ್ರಶ್ನೆ, ಆಸೆಫ್ ಜೊತೆಗಿನ ಹೊಡೆದಾಟ. ಈಗ ತಾಲಿಬಾನ್ ನಾಯಕನಾಗಿ ಸೊಹ್ರಾಬನನ್ನು ತನ್ನ ಬಳಿ ಇಟ್ಟುಕೊಂಡಿರುವ ಆಸೆಫ್ ಹಿತ್ತಾಳೆಯ ಮುಷ್ಟಿಪಟ್ಟಿ ಹಾಕಿಕೊಂಡು ಅಮೀರನನ್ನು ಜಜ್ಜಿಹಾಕುತ್ತಾನೆ. ಏಟು ಬೀಳುತ್ತಿರುವಾಗಲೇ ಅಮೀರ್ ನಗಲು ಶುರುಮಾಡುತ್ತಾನೆ. 1975ರ ನಂತರ ಮೊದಲ ಸಲ ಮನಸ್ಸಿಗೆ ನೆಮ್ಮದಿಯಾಯಿತು ಅನ್ನುತ್ತಾನೆ. ಮೇಲ್ತುಟಿ ಹಸನ್‌ನ ತುಟಿಯ ಹಾಗೇ ಸೀಳುತ್ತದೆ. ತುಂಬಾ ಓದುಗರು ಇಲ್ಲೇ ಲೆಕ್ಕ ಚುಕ್ತಾ ಅಂದುಕೊಳ್ಳುತ್ತಾರೆ. ನಾನು ಒಪ್ಪುವುದಿಲ್ಲ. ಆ ನೆಮ್ಮದಿ ಅಮೀರನದ್ದು. ಅದರಲ್ಲಿ ಹಸನ್‌ಗೂ ಪಾಲಿಲ್ಲ, ಸೊಹ್ರಾಬನಿಗೂ ಪಾಲಿಲ್ಲ. ಅಷ್ಟೇ ಅಲ್ಲ, ಅಲ್ಲಿ ಅಮೀರನನ್ನು ಉಳಿಸಿದ್ದು ಪುಟ್ಟ ಸೊಹ್ರಾಬ್, ಅಪ್ಪನ ಹಾಗೆ ಕವಣೆ ಎತ್ತಿ. ಒಂದು ಕಾಲಕ್ಕೆ ಹಸನ್ ಉಳಿಸಿದ್ದ, ಈಗ ಅವನ ಮಗ ಉಳಿಸಿದ. ಅಮೀರ್ ಇನ್ನೂ ಸಾಲಗಾರನೇ.

ಇದು ಬರೀ ನನ್ನ ಅಭಿಪ್ರಾಯ ಅಲ್ಲ ಅನ್ನುವುದಕ್ಕೆ ಮುಂದಿನ ಪುಟಗಳೇ ಸಾಕ್ಷಿ. ಇಸ್ಲಾಮಾಬಾದಿನಲ್ಲಿ ಸೊಹ್ರಾಬನಿಗೆ ಅಮೀರ್ ಮಾತು ಕೊಡುತ್ತಾನೆ, ನಿನ್ನನ್ನು ಇನ್ನೊಂದು ಅನಾಥಾಲಯಕ್ಕೆ ಕಳಿಸುವುದಿಲ್ಲ ಅಂತ. ವೀಸಾದ ಕಾಗದಪತ್ರ ಕೂಡಿಬರದೆ, ಸ್ವಲ್ಪ ದಿನ ಅಲ್ಲಿ ಇರಬೇಕಾಗಬಹುದು ಅಂತ ಅವನೇ ಹೇಳಿಬಿಡುತ್ತಾನೆ. ಹುಡುಗ ಬಚ್ಚಲುಮನೆಗೆ ಹೋಗಿ ಮಣಿಕಟ್ಟು ಕುಯ್ದುಕೊಳ್ಳುತ್ತಾನೆ. ಬೇರೆ ದಾರಿ ಸಿಕ್ಕಿದೆ ಅಂತ ಸುರಯ್ಯಾ ಫೋನ್ ಮಾಡಿದ್ದು ಅದೇ ರಾತ್ರಿ, ಆ ಸುದ್ದಿ ಹುಡುಗನನ್ನು ಮುಟ್ಟಲೇ ಇಲ್ಲ. ಪೆಟ್ಟು ತಿಂದು ಪಾಪ ತೊಳೆದುಕೊಂಡೆ ಅಂದುಕೊಂಡವನು ಕೆಲವೇ ದಿನಗಳಲ್ಲಿ ಮತ್ತೊಂದು ಮಗುವಿನ ನಂಬಿಕೆ ಮುರಿದ. ಲೇಖಕರು ಬೇಕಂತಲೇ ಹೀಗೆ ಇಟ್ಟಿದ್ದಾರೆ. ತಾಯ್ನಾಡಿಗೆ ಹೋಗಿ ಒಂದು ಸಾಹಸ ಮಾಡಿ ಬಂದರೆ ಮುಗಿಯಿತು ಅನ್ನುವ ಕಥೆ ಅವರಿಗೆ ಬೇಕಿರಲಿಲ್ಲ.

ಹಾಗಾದರೆ ಎಲ್ಲಿ ಶುರುವಾಯಿತು? ನನ್ನ ಲೆಕ್ಕದಲ್ಲಿ ಎರಡು ಕಡೆ, ಎರಡೂ ಮಾತಿನಲ್ಲಿ. ಮೊದಲನೆಯದು ಇಸ್ಲಾಮಾಬಾದಿನಿಂದ ಮಾಡಿದ ಫೋನ್. ಅಷ್ಟು ವರ್ಷ ನುಂಗಿಕೊಂಡದ್ದನ್ನೆಲ್ಲಾ ಅಮೀರ್ ಹೆಂಡತಿಗೆ ಹೇಳುತ್ತಾನೆ. ಎರಡನೆಯದು ಸ್ಯಾನ್ ಫ್ರಾನ್ಸಿಸ್ಕೊದ ಅಮೀರನ ಮನೆಯ ಊಟದ ಮೇಜು. ಸುರಯ್ಯಾಳ ಅಪ್ಪ ಜನರಲ್ ತಾಹೆರಿ ಕೇಳುತ್ತಾರೆ, ಮನೆಯಲ್ಲಿ ಈ ಹಜಾರಾ ಹುಡುಗ ಯಾಕೆ, ಜನ ಕೇಳಿದರೆ ಏನು ಹೇಳಲಿ ಅಂತ. ಅಮೀರ್ ದನಿ ಏರಿಸುವುದಿಲ್ಲ. ನನ್ನ ಅಪ್ಪ ಆಳಿನ ಹೆಂಡತಿಯ ಜೊತೆ ಮಲಗಿದ್ದರು, ಅವರಿಗೆ ಹಸನ್ ಅನ್ನುವ ಮಗ ಹುಟ್ಟಿದ, ಅವನು ಈಗಿಲ್ಲ, ಅಲ್ಲಿ ಮಲಗಿರುವವನು ಅವನ ಮಗ, ನನ್ನ ತಮ್ಮನ ಮಗ. ಜನ ಕೇಳಿದರೆ ಇದನ್ನೇ ಹೇಳಿ ಅನ್ನುತ್ತಾನೆ. ಇನ್ನೊಂದು ಮಾತು: ನನ್ನ ಎದುರಿಗೆ ಅವನನ್ನು ಹಜಾರಾ ಹುಡುಗ ಅನ್ನಬೇಡಿ, ಅವನಿಗೊಂದು ಹೆಸರಿದೆ, ಸೊಹ್ರಾಬ್.

ಈ ನಾಲ್ಕು ಸಾಲು ಆಸೆಫ್‌ನ ಮನೆಯ ರಕ್ತಕ್ಕಿಂತ ದೊಡ್ಡದು. ಓಣಿಯಲ್ಲಿ ಮನಸ್ಸಿಗೆ ಬಂದಿದ್ದ ಅದೇ ಪದವನ್ನು ಇಲ್ಲಿ ಅವನು ಬೇರೆಯವರ ಬಾಯಿಂದ ಕಿತ್ತುಹಾಕುತ್ತಾನೆ. ಅಪ್ಪ ಹೇಳದೆ ಹೋದದ್ದನ್ನು ಮಗ ಹೇಳುತ್ತಾನೆ. ಅಪ್ಪನ ಹೆಸರಿಗೆ, ತನ್ನ ಮರ್ಯಾದೆಗೆ ಕುಂದು ಬರುತ್ತದೆ ಅಂತ ಗೊತ್ತಿದ್ದೂ, ತನ್ನ ಜನರ ಎದುರಿಗೇ ಹೇಳುತ್ತಾನೆ. ಇದು ನಡೆಯುವುದು ಕಾಬೂಲಿನಲ್ಲಲ್ಲ, ವಲಸೆ ಬಂದ ಊರಿನಲ್ಲಿ ಅನ್ನುವುದನ್ನು ಗಮನಿಸಿ. ಹಳೆಯ ಊರಿನ ಮೇಲು ಕೀಳನ್ನು ಜನ ಗಂಟುಕಟ್ಟಿಕೊಂಡೇ ಬಂದಿರುತ್ತಾರೆ, ಅಲ್ವಾ? 2007ರಲ್ಲಿ ಈ ಕಾದಂಬರಿ ಸಿನಿಮಾ ಆದಾಗ, ಓಣಿಯ ದೃಶ್ಯದ ಕಾರಣಕ್ಕೆ ಅಪಾಯ ಬರಬಹುದೆಂದು ಬಿಡುಗಡೆಗೆ ಮುಂಚೆ ಅಫ್ಘಾನ್ ಬಾಲನಟರನ್ನು ದೇಶದಿಂದ ಹೊರಗೆ ಕರೆದೊಯ್ಯಬೇಕಾಯಿತು. ಆ ಗಾಯ ಇನ್ನೂ ಹಸಿಯಾಗಿಯೇ ಇತ್ತು.

ಕಾದಂಬರಿಯಲ್ಲಿ ಕೊರತೆ ಇಲ್ಲ ಅಂತ ನಾನು ಹೇಳುವುದಿಲ್ಲ. ಇಷ್ಟು ವರ್ಷದ ಮೇಲೆ ಸೊಹ್ರಾಬನನ್ನು ಇಟ್ಟುಕೊಂಡಿರುವವನು ಅದೇ ಆಸೆಫ್ ಆಗಿರುವುದು ತೀರಾ ಅನುಕೂಲಕ್ಕೆ ಒದಗಿದ ಹಾಗಿದೆ. ಅದಕ್ಕಿಂತ ದೊಡ್ಡ ಕೊರತೆ ಹಸನ್. ಅವನಿಗೆ ಸಿಟ್ಟೇ ಬರುವುದಿಲ್ಲ. ದಾಳಿಂಬೆ ಮರದ ಹತ್ತಿರ ಅಮೀರ್ ಅವನಿಗೆ ಹಣ್ಣು ತೂರಿ ತೂರಿ ಹೊಡೆದು, ನೀನೂ ಹೊಡಿ ಅಂತ ಬೇಡುತ್ತಾನೆ. ಹಸನ್ ಒಂದು ಹಣ್ಣೆತ್ತಿ ತನ್ನ ಹಣೆಗೇ ಜಜ್ಜಿಕೊಂಡು ಹೊರಟುಹೋಗುತ್ತಾನೆ. ಪುಸ್ತಕದಲ್ಲಿ ಅವನಿಗೆ ಬಾರದ ಸಿಟ್ಟು ನಿಮಗೆ ಬಂದಿದೆ. ಅವನ ಪರವಾಗಿ ಯಾರಾದರೂ ಸಿಟ್ಟಾಗಬೇಕಿತ್ತು. ಅದಕ್ಕೇ ಅದನ್ನು ಇಳಿಸಿಕೊಳ್ಳುವ ಅವಸರ ಬೇಡ ಅನ್ನುತ್ತೇನೆ.

ಮತ್ತೊಮ್ಮೆ ಓದುವುದಾದರೆ ಎರಡು ಕಡೆ ನಿಧಾನವಾಗಿ ಓದಿ. ಒಂದು, ಹಸನ್ ಬರೆದ ಕಾಗದ. ಈರುಳ್ಳಿ ಸಾಕಿರಲಿಲ್ವಾ ಅಂತ ಕೇಳಿದ್ದ ಹುಡುಗ ದೊಡ್ಡವನಾದ ಮೇಲೆ ಅಕ್ಷರ ಕಲಿತು ಅಮೀರನಿಗೆ ಬರೆದ ಕಾಗದ. ಅದು ಅಮೀರನ ಕೈ ಸೇರುವ ಹೊತ್ತಿಗೆ ಬರೆದವನೇ ಇಲ್ಲ. ಅಕ್ಷರದಲ್ಲಿ ಹಸನ್‌ನ ಸ್ವಂತ ದನಿ ಸಿಗುವುದು ಅಲ್ಲಿ ಮಾತ್ರ.

ಇನ್ನೊಂದು, ಕೊನೆಯ ಗಾಳಿಪಟ. 2002ರ ಮಾರ್ಚ್, ಫ್ರೀಮಾಂಟ್‌ನ ಕೆರೆಯ ಪಕ್ಕದ ಪಾರ್ಕು. ಸೊಹ್ರಾಬ್ ತಿಂಗಳುಗಟ್ಟಲೆ ಮಾತೇ ಆಡಿಲ್ಲ. ಅಮೀರ್ ಒಂದು ಪಟ ಕೊಂಡು ತರುತ್ತಾನೆ. ಕೈಬೆರಳನ್ನು ನೆಕ್ಕಿ ಎತ್ತಿ ಹಿಡಿದು ಗಾಳಿ ಯಾವ ಕಡೆ ಅಂತ ನೋಡುತ್ತಾನೆ. ಗಾಜಿನ ಪುಡಿ ಹಚ್ಚಿದ ದಾರದಿಂದ, ಹಸನ್‌ಗೆ ಇಷ್ಟವಾಗಿದ್ದ ಹಳೆಯ ಪಟ್ಟಿನಲ್ಲಿ, ಒಂದು ಹಸಿರು ಪಟವನ್ನು ಕಡಿಯುತ್ತಾನೆ. ಹುಡುಗನ ಬಾಯಿಯ ಒಂದು ಕೊನೆ ಮಾತ್ರ ಚೂರು ಮೇಲೇರುತ್ತದೆ. ಅಷ್ಟೇ, ಮರುಕ್ಷಣ ಅದೂ ಇಲ್ಲ. ಎಲ್ಲವೂ ಸರಿಹೋಯಿತು ಅಂತ ಅಮೀರ್ ಹೇಳುವುದಿಲ್ಲ. ಆ ಪಟ ನಿನಗೆ ಬೇಕಾ ಅಂತ ಕೇಳುತ್ತಾನೆ. ಹುಡುಗ ತಲೆ ಆಡಿಸಿದ ಹಾಗೆ ಕಾಣುತ್ತದೆ. ಸುತ್ತ ಕಿರುಚುತ್ತಿರುವ ಚಿಕ್ಕಮಕ್ಕಳ ನಡುವೆ, ಸುಮಾರು ನಲವತ್ತು ವಯಸ್ಸಿನ ಆ ಗಂಡಸು, ತುಟಿಯ ಮೇಲೆ ಹೊಲಿಗೆಯ ಗುರುತಿರುವವನು, ಬಿದ್ದ ಪಟದ ಹಿಂದೆ ಓಡತೊಡಗುತ್ತಾನೆ.